ಉಪವಾಸ ಬಿಡಿಸಿದ ಗೋವಿಂದ

ಕಳೆದ ವರ್ಷ ಶ್ರಾವಣದಲ್ಲಿ ನನಗೆ ಒಂದು ಕಡೆ ಕೂರುವುದಕ್ಕೇ ಆಗುತ್ತಿರಲಿಲ್ಲ. ಗೋವಿಂದನನ್ನು ನಂಬಿದ ಅಕ್ಕ ಅಣ್ಣಂದಿರೇ, ನಾನು ಅಲ್ಲಾಳಸಂದ್ರದಲ್ಲಿ ರವಿಕೆ ಹೊಲಿಯುವವಳು, ಹೆಸರು ಸುಜಾತ. ಕೂರಲಾಗದ ಟೈಲರ್ ಯಾರಿಗೆ ಬೇಕು, ನೀವೇ ಹೇಳಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಡಬೇಕಾದ ಬಟ್ಟೆಗಳು ಮಂಚದ ಮೇಲೆ ರಾಶಿ ಬಿದ್ದಿದ್ದವು. ಮಿಷನ್ ಮುಂದೆ ಕೂತು ಒಂದು ತೋಳು ಹಚ್ಚುವಷ್ಟರಲ್ಲಿ ಎದ್ದು ಅಡುಗೆಮನೆಗೆ, ಅಲ್ಲಿಂದ ಬಾಗಿಲಿಗೆ, ಮತ್ತೆ ಮಿಷನ್‌ಗೆ. ಇಡೀ ದಿನ ಇದೇ.

ಮನಸ್ಸು ಕುಸಿದದ್ದು ಬೇಸಿಗೆಯಲ್ಲೇ. ಕಾರಣ ಕೇಳಬೇಡಿ, ನನಗೂ ಗೊತ್ತಿಲ್ಲ. ಗಂಡ ಒಳ್ಳೆಯವರು, ಮಗಳು ಚೆನ್ನಾಗಿ ಓದುತ್ತಾಳೆ. ಆದರೂ ಬೆಳಿಗ್ಗೆ ಕಣ್ಣು ಬಿಟ್ಟರೆ ಯಾಕಾದರೂ ಎಚ್ಚರವಾಯಿತೋ ಅನ್ನಿಸುತ್ತಿತ್ತು. ಯಜಮಾನರೇ ಸಂಜಯನಗರದಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಆಕೆ ಖಿನ್ನತೆ ಎಂದರು, ಮಾತ್ರೆ ಬರೆದುಕೊಟ್ಟರು. "ದಿನಾ ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದು. ಕೆಲ್ಸ ಮಾಡೋಕೆ ಕೆಲವು ವಾರ ಬೇಕು. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸ್ಬೇಡಿ," ಎಂದರು.

ವಾರಗಳು ಕಳೆದವು, ಏನೂ ಆಗಲಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಕುಸಿತದ ಜೊತೆಗೆ ಈ ಚಡಪಡಿಕೆಯೂ ಸೇರಿಕೊಂಡಿತು. ತಲೆಯೊಳಗೆ ಆಗಾಗ ಶಾಕ್ ಹೊಡೆದ ಹಾಗೆ ಜುಮ್ಮೆನ್ನುತ್ತಿತ್ತು. ಎರಡನೇ ಸಲ ತೋರಿಸಲು ಹೊರಟಾಗ ಬಸ್ಸಿನಲ್ಲಿ ಕೂರಲಾಗದೆ ಎಸ್ಟೀಮ್ ಮಾಲ್ ಹತ್ತಿರವೇ ಇಳಿದುಬಿಟ್ಟೆ. ಯಜಮಾನರು ಪಾಪ, ಹೆಬ್ಬಾಳದ ಆ ಟ್ರಾಫಿಕ್ಕಿನಲ್ಲಿ ನನ್ನ ಹಿಂದೆ ಓಡುತ್ತಾ ಬಂದರು.

"ಮಾತ್ರೆ ತಪ್ಪಿಸ್ದೆ ತಗೊಳ್ತಿದೀರಾ?" ಎಂದು ಡಾಕ್ಟರಮ್ಮ ಕೇಳಿದರು.

"ಒಂದಿನಾನೂ ತಪ್ಸಿಲ್ಲ," ಎಂದೆ. ದೇವರಾಣೆಗೂ ಸುಳ್ಳು ಹೇಳುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ. ಇನ್ನೆರಡು ವಾರ ನೋಡಿ ಮಾತ್ರೆ ಬದಲಾಯಿಸೋಣ ಎಂದು ಕಳಿಸಿದರು.

ಎರಡು ವಾರ ಕಾಯುವ ತಾಳ್ಮೆ ಯಾರಿಗಿತ್ತು? ಗೋವಿಂದನನ್ನೇ ಹಿಡಿದುಕೊಂಡೆ. ಸೋಮವಾರ, ಶನಿವಾರ ಮೊದಲಿನಿಂದಲೂ ನನ್ನ ಉಪವಾಸ. ಶ್ರಾವಣ ಬಂದ ಮೇಲೆ ಗುರುವಾರವನ್ನೂ ಸೇರಿಸಿದೆ. ಅದಕ್ಕೂ ಅವನು ಕಣ್ಣು ಬಿಡದಿದ್ದಾಗ ಶುಕ್ರವಾರವನ್ನೂ ಹಿಡಿದೆ. ಉಪವಾಸ ಹೆಚ್ಚಿದಷ್ಟೂ ಚಡಪಡಿಕೆ ಹೆಚ್ಚಿತು. ಭಕ್ತಿ ಸಾಲದೇನೋ ಎಂದುಕೊಂಡು ಹೂವು ಹೆಚ್ಚು ಏರಿಸಿದೆ, ಪ್ರದಕ್ಷಿಣೆ ಹೆಚ್ಚು ಹಾಕಿದೆ. ಪ್ರದಕ್ಷಿಣೆಯಾದರೆ ಹೇಗೂ ಸುತ್ತುವುದೇ ತಾನೇ, ನನ್ನ ಕಾಲಿಗೆ ಅದು ಸರಿಹೋಗುತ್ತಿತ್ತು.

ಮೂರನೆಯ ಶ್ರಾವಣ ಶನಿವಾರ ಮಾತ್ರೆಯ ಸ್ಟ್ರಿಪ್ಪನ್ನು ಪರ್ಸಿನಲ್ಲಿ ಹಾಕಿಕೊಂಡೇ ದೇವಸ್ಥಾನಕ್ಕೆ ಹೋದೆ. ಬರುವಾಗ ಅದನ್ನು ಕೆರೆ ಪಕ್ಕದ ಕಸದ ಡಬ್ಬಿಗೆ ಹಾಕಿಬಿಡುವುದು ಎಂದು ತೀರ್ಮಾನಿಸಿದ್ದೆ. ಆಮೇಲೆ ನನ್ನ ಗತಿ ಏನು ಎಂದು ಯೋಚಿಸಿರಲಿಲ್ಲ. ಯೋಚಿಸಲು ಭಯವಾಗುತ್ತಿತ್ತು. ಗರ್ಭಗುಡಿಯ ಮುಂದೆ ನಿಂತು ಜಗಳವನ್ನೇ ಆಡಿದೆ. ಇನ್ನೇನು ಬಿಡಲಿ ನಿನಗಾಗಿ, ಹೇಳಪ್ಪಾ, ಎಂದು ಅತ್ತೆ.

ಹೊರಗೆ ವಯಸ್ಸಾದ ಅರ್ಚಕರು ದೊನ್ನೆಯಲ್ಲಿ ಪುಳಿಯೋಗರೆ ಹಂಚುತ್ತಿದ್ದರು. ನಾನು ಕೈ ಚಾಚಲಿಲ್ಲ.

"ಯಾಕಮ್ಮಾ, ಬೇಡ್ವಾ?"

"ಉಪವಾಸ ಸ್ವಾಮಿ."

ಅವರು ದೊನ್ನೆ ಹಿಡಿದುಕೊಂಡೇ ನಿಂತರು. "ನಂಗೂ ಇತ್ತಮ್ಮ ಈ ಹಟ. ಬಿಪಿ ಮಾತ್ರೆ ತಿಂಡಿ ಆದ್ಮೇಲೆ ಅಂತ ಹೇಳಿದ್ರು. ಉಪವಾಸದ ದಿನ ತಿಂಡಿ ಇಲ್ಲ, ಅದಕ್ಕೆ ಮಾತ್ರೇನೂ ಇಲ್ಲ. ಇದೇ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದೆ. ಈಗ ಅವನಿಗೆ ಹೇಳ್ಬಿಟ್ಟೇ ತಿಂತೀನಿ. ಒಂದಿನಾನೂ ಬೇಡ ಅಂದಿಲ್ಲ ಅವನು."

ನನ್ನ ಮಾತ್ರೆಯ ವಿಚಾರ ಅವರಿಗೆ ಗೊತ್ತಿರಲೇ ಇಲ್ಲ. ಮಗಳಿಗೂ ಹೇಳಿರಲಿಲ್ಲ ನಾನು. ನಿಂತಲ್ಲೇ ಪರ್ಸ್ ತೆಗೆದು ಸ್ಟ್ರಿಪ್ ನೋಡಿದೆ. ಎಷ್ಟೊಂದು ಮಾತ್ರೆಗಳು ಹಾಗೇ ಉಳಿದಿದ್ದವು. ತಿಂಡಿ ಆದ ಮೇಲೆ ಎಂದಿದ್ದರು, ತಿಂಡಿ ಇಲ್ಲದ ದಿನ ನಾನು ಮುಟ್ಟಿರಲಿಲ್ಲ. ಅದು ತಪ್ಪಿಸಿದ ಹಾಗೆ ಎಂದು ನನಗೆ ಹೊಳೆದೇ ಇರಲಿಲ್ಲ. ದೇವರ ದಿನಕ್ಕೆ ಔಷಧಿಯೂ ರಜಾ ಎಂದುಕೊಂಡಿದ್ದೆನೇನೋ. ಅರ್ಚಕರ ಕೈಯಿಂದ ದೊನ್ನೆ ಇಸಿದುಕೊಂಡು, ಕಂಬಕ್ಕೆ ಒರಗಿ ಕೂತು, ಒಂದು ಅಗುಳೂ ಬಿಡದೆ ತಿಂದೆ.

ಸೋಮವಾರ ಉಪ್ಪಿಟ್ಟು ತಿಂದುಕೊಂಡೇ ಸಂಜಯನಗರಕ್ಕೆ ಹೋದೆ. ಎಲ್ಲ ಕೇಳಿ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಮಾತ್ರೆ ಕೆಲ್ಸ ಮಾಡ್ತಿಲ್ಲ ಅಂತ ನಾನು ಬದಲಾಯಿಸೋಕೆ ಹೊರಟಿದ್ದೆ. ಕೆಲ್ಸ ಮಾಡೋಕೆ ನೀವು ಬಿಟ್ರೆ ತಾನೇ? ಹೀಗೆ ಮಧ್ಯೆ ಮಧ್ಯೆ ಬಿಟ್ರೆ ಚಡಪಡಿಕೆ, ಜುಮ್ಮನ್ನೋದು ಎಲ್ಲಾ ಬರಬಹುದು ಕಣಮ್ಮ. ತಪ್ಪಿಸ್ದೆ ತಗೊಂಡು ನೋಡೋಣ. ಆಗ್ಲೂ ಸಾಕಾಗ್ಲಿಲ್ಲ ಅಂದ್ರೆ ಬೇರೆ ದಾರಿ ಇದೆ."

ಪವಾಡದ ಹಾಗೆ ಮರುದಿನವೇ ಸರಿಹೋಯಿತು ಎಂದರೆ ಅದು ಸುಳ್ಳು. ಗಣೇಶನ ಹಬ್ಬ ಕಳೆದರೂ ಅಳು ಬರುತ್ತಿತ್ತು. ಮೊದಲು ಜುಮ್ಮೆನ್ನುವುದು ನಿಂತಿತು, ಆಮೇಲೆ ನಿದ್ದೆ ಹತ್ತಿತು. ನವರಾತ್ರಿಯ ಹೊತ್ತಿಗೆ ಒಂದು ಮಧ್ಯಾಹ್ನ ಮಿಷನ್ ಬಿಟ್ಟು ಏಳದೆ ಇಡೀ ರವಿಕೆ ಮುಗಿಸಿದೆ. ಈಗಲೂ ಕೆಟ್ಟ ದಿನಗಳು ಬರುತ್ತವೆ. ಅದನ್ನು ಡಾಕ್ಟರಮ್ಮನಿಗೂ ಹೇಳುತ್ತೇನೆ, ಗೋವಿಂದನಿಗೂ ಹೇಳುತ್ತೇನೆ, ಒಬ್ಬರಿಗೆ ಹೇಳಿ ಇನ್ನೊಬ್ಬರಿಂದ ಮುಚ್ಚಿಡುವುದನ್ನು ಬಿಟ್ಟಿದ್ದೇನೆ. ಅವನ ಮೇಲಿನ ನಂಬಿಕೆ ನನಗೆ ಆ ಶನಿವಾರ ಗಟ್ಟಿಯಾಯಿತು. ನನ್ನನ್ನು ಹಸಿವಿನಲ್ಲಿಟ್ಟು ಅವನಿಗೆ ಆಗಬೇಕಾದ್ದು ಏನೂ ಇರಲಿಲ್ಲ.

ಮೊನ್ನೆ ಏಕಾದಶಿ ಬೆಳಿಗ್ಗೆ ಇಡ್ಲಿ ತಿನ್ನುತ್ತಿದ್ದೆ. ಬಟ್ಟೆ ಅಳತೆ ಕೊಡಲು ಬಂದ ಎದುರುಮನೆಯವರು, "ಏನ್ರೀ ಸುಜಾತಾ, ಇವತ್ತು ತಿಂಡೀನಾ?" ಎಂದರು.

"ಮಾತ್ರೆ ತಗೋಬೇಕು ಕಣ್ರೀ."

"ಯಾವುದಕ್ಕೆ?"

"ಮನಸ್ಸಿಗೆ," ಎಂದೆ. ಹೊರಗಿನವರಿಗೆ ಹೇಳಿದ್ದು ಅದೇ ಮೊದಲು.

ಅವರು ಬಾಗಿಲು ಮುಂದಕ್ಕೆ ಎಳೆದು ಬಂದು ನನ್ನ ಪಕ್ಕ ಕೂತರು. "ನಿಮ್ ಡಾಕ್ಟ್ರು ಎಲ್ಲಿರೋದು ಹೇಳಿ," ಎಂದರು. "ನಂಗೂ ಹೋಗ್ಬೇಕು."