ಬಲಗಡೆಯ ಹೂವು

ಕರೆಂಟು ಹೋಗಿ ಫ್ಯಾನು ನಿಧಾನವಾಗುತ್ತಾ, ಕೊನೆಯ ಸುತ್ತಿನಲ್ಲಿ ಕಟಕ್ ಕಟಕ್ ಎಂದು ಗೊಣಗಿ ನಿಲ್ಲುತ್ತದಲ್ಲ, ಆ ಸದ್ದು ಕೇಳಿದರೆ ಸಾಕು, ಜೆ.ಪಿ. ನಗರದ ಈ ಫ್ಲ್ಯಾಟಿನಲ್ಲಿ ಕೂತಿದ್ದರೂ ನನ್ನ ಬೆನ್ನು ತನ್ನಿಂದ ತಾನೇ ನೆಟ್ಟಗಾಗುತ್ತದೆ. ಒದ್ದೆ ಸೇವಂತಿಗೆ, ಕರ್ಪೂರ, ಬೆವರು ಮೂರೂ ಬೆರೆತ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಬಡಿಯುತ್ತದೆ. ಇಟ್ಟಮಡುವಿನ ನಮ್ಮ ಹಳೇ ಮನೆಯಲ್ಲಿ ಫ್ಯಾನು ನಿಂತಿತೆಂದರೆ ಕರೆಂಟು ಹೋಗಿದೆ ಎಂದು ಯಾರೂ ತಿಳಿಯುತ್ತಿರಲಿಲ್ಲ. ಅಜ್ಜಿ ಹೂವು ಕೇಳಲು ಕೂತಿದ್ದಾಳೆ ಎಂದೇ ಅರ್ಥ.

ಹೂವು ಕೇಳುವುದೆಂದರೆ ಗೊತ್ತಲ್ಲ. ನಡುಮನೆಯ ಗೂಡಿನಲ್ಲಿದ್ದ ಅಮ್ಮನವರ ಬೆಳ್ಳಿ ಮುಖದ ಎರಡೂ ಕಡೆ ನೀರಲ್ಲಿ ಅದ್ದಿದ ಹೂವು ಅಂಟಿಸಿ, ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳಬೇಕು. ಬಾಯಿ ಬಿಟ್ಟು ಹೇಳುವಂತಿಲ್ಲ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಬೀಳುವತನಕ ಕಾಯಬೇಕು. ಗಾಳಿಗೆ ಬಿದ್ದ ಹೂವು ಲೆಕ್ಕಕ್ಕಿಲ್ಲವಾದ್ದರಿಂದ ಫ್ಯಾನು ಬಂದ್, ಕಿಟಕಿ ಬಂದ್. ಮಕ್ಕಳು ಓಡಾಡಿದರೆ ನೆಲ ಅದುರುತ್ತದಂತೆ, ಕುಕ್ಕರ್ ಕೂಗಿದರೆ ಅಮ್ಮನವರಿಗೆ ಕಿರಿಕಿರಿಯಂತೆ. ಅಯ್ಯೋ, ನಮ್ಮ ಕಿರಿಕಿರಿ ಕೇಳುವವರು ಯಾರು? ಪ್ರತಿ ಶುಕ್ರವಾರ ಸ್ಕೂಲಿನಿಂದ ಹಸಿದು ಬಂದ ನಾನು ಚಾಪೆಯ ಮೇಲೆ ತುಟಿ ಹೊಲಿದುಕೊಂಡವಳ ಹಾಗೆ ಕೂತು, ಒಂದು ಯಃಕಶ್ಚಿತ್ ಹೂವು ಬೀಳಲೆಂದು ಕಾಯಬೇಕಿತ್ತು. ಚಡಪಡಿಸಿದರೆ ಅಜ್ಜಿ ಕಣ್ಣು ತೆರೆಯದೆಯೇ ನನ್ನ ತೊಡೆ ತಟ್ಟಿ, “ಸುಮ್ನಿರವ್ವಾ. ಅವಳಿಗೆ ನಾವೊಬ್ರೇನಾ? ನಮ್ಗಿಂತ ಮುಂದೆ ಎಷ್ಟು ಜನ ನಿಂತಿದಾರೋ!” ಎನ್ನುತ್ತಿದ್ದಳು.

ಅವಳು ಬಾಯಿ ಬಿಡದಿದ್ದರೇನು, ಪ್ರಶ್ನೆ ಇಡೀ ಬೀದಿಗೆ ಗೊತ್ತಿತ್ತು. ನಾನು ಸ್ಕೂಲಿಗೆ ಸೇರುವ ಮೊದಲೇ ನಡೆದದ್ದು ಅದು. ಮನೆ ಹಿಂದೆ ಉಳಿದಿದ್ದ ಕೊನೆಯ ಕನಕಾಂಬರದ ತೋಟವನ್ನು ಅಪ್ಪ ಸೈಟು ಮಾಡಿ ಮಾರಲು ಹೊರಟಾಗ, ಅವನ ತಮ್ಮ ಗೋಪಿ ಚಿಕ್ಕಪ್ಪ ಜಗಳಕ್ಕೆ ನಿಂತ. ಅಪ್ಪ ಸಿಟ್ಟಿನಲ್ಲಿ “ಹೋಗು, ಇನ್ನು ಈ ಹೊಸ್ಲು ತುಳೀಬೇಡ” ಎಂದುಬಿಟ್ಟ. ಚಿಕ್ಕಪ್ಪ ಹೋದವನು ಹೋದೇಬಿಟ್ಟ. ಫೋನಿಲ್ಲ, ಸುದ್ದಿಯಿಲ್ಲ. ಹುಡುಕಿ ಸೋತ ಅಪ್ಪ, ಆ ಹೆಸರೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ. ಮಗ ವಾಪಸ್ಸು ಬರುತ್ತಾನಾ ಎಂದಲ್ಲದೆ ಅಜ್ಜಿ ಇನ್ನೇನು ಕೇಳಿಯಾಳು? ವಾರ ವಾರವೂ ಬೀಳುತ್ತಿದ್ದದ್ದು ಬಲಗಡೆಯ ಹೂವೇ. ಬರಬೇಕಾದವನು ಮಾತ್ರ ಪತ್ತೆಯಿಲ್ಲ. ನನಗಂತೂ ಅಮ್ಮನವರ ಮೇಲೆ ಮೈಯೆಲ್ಲ ಉರಿಯುವಷ್ಟು ಕೋಪ. ಒಂದು ದಿನ ಅಮ್ಮನಿಗೂ ತಡೆಯಲಾಗಲಿಲ್ಲ. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ, “ಅತ್ತೆ, ಬೇಜಾರ್ ಮಾಡ್ಕೋಬೇಡಿ. ಪ್ರತಿ ಸಲ ಬಲಗಡೆನೇ ಕೊಡ್ತಾಳೆ. ಎಲ್ಲಿ ನಿಮ್ಮ ಮಗ? ದೇವರು ಅಂದ್ಮೇಲೆ ಹಿಂಗಾ ಸುಳ್ಳು ಹೇಳೋದು?” ಎಂದು ಕೇಳಿಯೇಬಿಟ್ಟಳು. ಅಜ್ಜಿ ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು ನನ್ನ ಜಡೆಗೆ ಸಿಕ್ಕಿಸಿ, “ಅವಳು ಸುಳ್ಳು ಹೇಳಿಲ್ಲ ಕಣವ್ವಾ. ಫ್ಯಾನ್ ಹಾಕೋಗು” ಎಂದಳು. ಆ ನೆಮ್ಮದಿ ನೋಡಿ ನಮಗೆ ಇನ್ನಷ್ಟು ರೇಗುತ್ತಿತ್ತು.

ನಾನು ಹೈಸ್ಕೂಲಿಗೆ ಬಂದ ಮೇಲೆ ಒಂದು ಶುಕ್ರವಾರ ಸಂಜೆ, ಎಲ್ಲರೂ ಬೆವರುತ್ತಾ ಕೂತಿದ್ದಾಗ, ಗಡ್ಡ ಬಿಟ್ಟ ಗಂಡಸೊಬ್ಬ ಬಂದು ಹೊಸ್ತಿಲಾಚೆಯೇ ನಿಂತ. ಅಮ್ಮ “ಅಯ್ಯೋ, ಗೋಪಿ!” ಎಂದು ಕೂಗಿದಳು. ಅಪ್ಪ ಎದ್ದು ಹೋಗಿ, ಕೈ ಹಿಡಿದು ಒಳಗೆ ಎಳೆದುಕೊಂಡ. ಇಷ್ಟು ವರ್ಷ ಇದ್ದದ್ದೆಲ್ಲಿ ಎಂದರೆ ಹುಳಿಮಾವಿನಲ್ಲಂತೆ! ಬಸ್ಸು ಬದಲಾಯಿಸಿದರೆ ಸಿಗುವ ಜಾಗದಲ್ಲಿ, ಪಂಕ್ಚರ್ ಅಂಗಡಿ ಇಟ್ಟುಕೊಂಡು! ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅಜ್ಜಿ ಮಾತ್ರ ಗೂಡಿನ ಮುಂದಿನಿಂದ ಏಳಲಿಲ್ಲ. ತಿರುಗಿ ಅವನನ್ನು ನೋಡಿದಳು, ಕಣ್ಣು ತುಂಬಿಕೊಂಡಳು, ಮತ್ತೆ ಅಮ್ಮನವರ ಕಡೆಗೇ ತಿರುಗಿ, “ತಡಿ ಮಗಾ, ಇನ್ನೂ ಹೂವು ಬಿದ್ದಿಲ್ಲ” ಎಂದಳು.

“ಬಂದೇಬಿಟ್ಟಿದಾನಲ್ಲ ಅತ್ತೆ! ಇನ್ನೂ ಏನ್ ಕೇಳ್ತಾ ಕೂತಿದೀರಾ?” ಅಮ್ಮ ಅಳುತ್ತಲೇ ಗದರಿದಳು. ಅಜ್ಜಿ ಹೂವಿನ ಮೇಲಿಂದ ಕಣ್ಣು ಕೀಳಲಿಲ್ಲ. “ಬರ್ತಾನಾ ಅಂತ ಕೇಳೋದನ್ನ ಯಾವತ್ತೋ ಬಿಟ್ಟೆ ಕಣವ್ವಾ. ಶುರುನಲ್ಲಿ ಕೇಳ್ದೆ, ಯಾವ ಕಡೆನೂ ಬೀಳ್ಲಿಲ್ಲ. ಕಳ್ಸೋವಾಗ ಕಳಿಸ್ತಾಳೆ ಅಂತ ಅದನ್ನ ಅವಳಿಗೇ ಬಿಟ್ಟೆ. ಎಲ್ಲಿದ್ರೂ ನನ್ನ ಮಗ ಇವತ್ತು ಉಂಡಿದಾನಾ, ಅಷ್ಟೇ ನಾನು ಕೇಳ್ತಿದ್ದಿದ್ದು.” ಚಿಕ್ಕಪ್ಪ ಅಲ್ಲೇ ನೆಲಕ್ಕೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

ಆ ಮನೆಯಿದ್ದ ಜಾಗದಲ್ಲಿ ಈಗೊಂದು ಪಿ.ಜಿ. ಇದೆ. ಅಜ್ಜಿ ಹೋದಳು, ಅಪ್ಪನೂ ಹೋದ. ನಾನು ಇವತ್ತಿಗೂ ದೇವರ ಮುಂದೆ ಕೂತರೆ ಗಡಿಯಾರ ನೋಡುತ್ತೇನೆ, ಕೇಳಿದ್ದು ತಡವಾದರೆ ಅವನೊಂದಿಗೆ ಜಗಳಕ್ಕೇ ನಿಲ್ಲುತ್ತೇನೆ. ಅಜ್ಜಿಯ ತಾಳ್ಮೆ ನೆನೆದರೆ ಹೊಟ್ಟೆಕಿಚ್ಚಾಗುತ್ತದೆ, ಅವಳಿಲ್ಲವಲ್ಲ ಎಂದು ಸಂಕಟವೂ ಆಗುತ್ತದೆ. ಅವಳು ಅರ್ಧಕ್ಕೇ ಎದ್ದದ್ದನ್ನು ನಾನು ನೋಡಿದ್ದು ಚಿಕ್ಕಪ್ಪ ಬಂದ ಆ ಸಂಜೆ ಮಾತ್ರ. “ಇವತ್ತು ನಾನೇ ಕೇಳ್ಕೋತೀನಿ ಬಿಡು ತಾಯಿ” ಎಂದು ಎರಡೂ ಹೂವನ್ನು ಕೈಯಾರೆ ತೆಗೆದಿಟ್ಟು, ಸೊಂಟ ಹಿಡಿದುಕೊಂಡು ಎದ್ದು ಬಂದು, ಮಗನ ಗಲ್ಲ ಎತ್ತಿ ಕೇಳಿದಳು:

“ಉಂಡ್ಯಾ ಮಗಾ?”