ಹದಿನೇಳನೆಯ ಹಾಳೆ

ನನ್ನ ತಾಯಿಯ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಲು ನುಜತ್ ದಾವಣಗೆರೆ ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಎರಡು ತಿಂಗಳು ಬಂದಿದ್ದಳು. ಸಕ್ಕರೆ ಕಾಯಿಲೆಯ ಗಾಯ, ಬೇಗ ಮಾಯುವಂಥದ್ದಲ್ಲ. ಪಟ್ಟಿ ಬಿಚ್ಚುವಾಗ ಅವಳು ಮೊದಲು ಗಾಯವನ್ನಲ್ಲ, ತಾಯಿಯ ಮುಖವನ್ನು ನೋಡುತ್ತಿದ್ದಳು. ಇದನ್ನು ಆರಂಭದಲ್ಲೇ ಹೇಳುವುದಕ್ಕೆ ಕಾರಣವಿದೆ. ಮುಂದಿನದನ್ನು ಓದಿದವರು ಅವಳನ್ನು ಕರುಣೆಯಿಲ್ಲದವಳೆಂದೋ ಕೆಲಸ ಬಾರದವಳೆಂದೋ ತೀರ್ಮಾನಿಸಬಾರದು. ಹಾಗೆ ತೀರ್ಮಾನಿಸಿಬಿಟ್ಟರೆ ಉಳಿದ ನಮಗೆಲ್ಲ ತೀರ ಅನುಕೂಲವಾಗುತ್ತದೆ.

ಅವಳು ಹರಿಹರದವಳು. ತಂದೆ ಮೌಲಾ ಸಾಬ್ ಗಾದಿ ಹೊಲಿಯುವವರು. ಈಗಿಲ್ಲದ ಅಜ್ಜಿ ಮಾಬೂಬೀ, ಬಳೆಯ ಮಲಾರ ಹೊತ್ತು ಗುತ್ತೂರು, ಕೊಕ್ಕನೂರುಗಳ ಓಣಿಗಳಲ್ಲಿ ನಲವತ್ತು ವರ್ಷ ತಿರುಗಿದವರು. ನುಜತ್ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಸ್ಟಾಫ್ ನರ್ಸ್ ಆಗಿದ್ದು, ಮೂವತ್ತೆರಡನೆಯ ವಯಸ್ಸಿನಲ್ಲಿ ಎಂ.ಎಸ್ಸಿ. ನರ್ಸಿಂಗ್ ಸೇರಿದಳು. ಆ ಪದವಿಗೆ ಒಂದು ಸಂಶೋಧನಾ ಪ್ರಬಂಧ ಬರೆಯಬೇಕು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆಂದು ಗೊತ್ತಿದ್ದುದರಿಂದ ಯೋಜನೆಯ ಕರಡು ಹಿಡಿದು ನನ್ನಲ್ಲಿಗೆ ಬಂದಳು.

ಯೋಜನೆ ಸರಳವಾಗಿತ್ತು. ಸಕ್ಕರೆ ಕಾಯಿಲೆಯಿರುವ ಮೂವತ್ತು ಹೆಂಗಸರು ಒಂದು ಊರಿನಲ್ಲಿ, ಮೂವತ್ತು ಮಂದಿ ಇನ್ನೊಂದರಲ್ಲಿ. ಮೊದಲ ದಿನ ಎಲ್ಲರ ಪಾದ ಪರೀಕ್ಷಿಸಿ, ಪಾದದ ಆರೈಕೆಯ ಬಗ್ಗೆ ಇಪ್ಪತ್ತನಾಲ್ಕು ಪ್ರಶ್ನೆ ಕೇಳುವುದು. ಒಂದು ಊರಿನವರಿಗೆ ಆರೈಕೆ ಕಲಿಸುವುದು, ಇನ್ನೊಂದು ಊರಿನವರಿಗೆ ಕಲಿಸದಿರುವುದು. ಅರವತ್ತನೆಯ ದಿನ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ ಎರಡನ್ನೂ ಹೋಲಿಸುವುದು. ಬಾಕಿ ಉಳಿದವರಿಗೆ ಆಮೇಲೆ ಕಲಿಸುವುದು. ಕಲಿಸಿದ್ದರಿಂದಲೇ ಬದಲಾವಣೆ ಆಯಿತೆನ್ನಬೇಕಾದರೆ ಕಲಿಸದವರನ್ನು, ಅಂದರೆ ಕಂಟ್ರೋಲ್ ಗ್ರೂಪನ್ನು, ಪಕ್ಕದಲ್ಲಿಟ್ಟು ನೋಡಬೇಕು; ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಇದನ್ನೇ ಹೇಳುತ್ತ ಬಂದಿದ್ದೇನೆ, ಈಗಲೂ ನಂಬುತ್ತೇನೆ. "ಎರಡು ಊರು ಒಂದಕ್ಕೊಂದು ದೂರವಿರಲಿ, ಸುದ್ದಿ ದಾಟಬಾರದು" ಎಂದವನು ನಾನೇ. ಕಲಿಸುವುದಕ್ಕೆ ಕೊಕ್ಕನೂರು, ಕಲಿಸದಿರುವುದಕ್ಕೆ ಗುತ್ತೂರು ಎಂದು ನಿಗದಿಯಾಯಿತು.

ಕರಡಿನ ಕೊನೆಯಲ್ಲಿ ಒಂದು ವಾಕ್ಯವಿತ್ತು: "ಅಧ್ಯಯನದ ಅವಧಿಯಲ್ಲಿ ಯಾರಲ್ಲಾದರೂ ಅಪಾಯದ ಲಕ್ಷಣ ಕಂಡುಬಂದರೆ, ಅವರು ಯಾವ ಗುಂಪಿನವರೇ ಆಗಿರಲಿ, ಕೂಡಲೇ ಸಲಹೆ ಮತ್ತು ಚಿಕಿತ್ಸೆ ಒದಗಿಸಲಾಗುವುದು." ಕಾಲೇಜಿನ ನೈತಿಕ ಸಮಿತಿ ಒಪ್ಪಿಗೆ ಕೊಟ್ಟದ್ದು ಆ ವಾಕ್ಯದ ಮೇಲೆ. ಅದು ನುಜತ್ ಬರೆದದ್ದಲ್ಲ. ಹಿಂದಿನ ವರ್ಷದವರ ಪ್ರಬಂಧ ತೆಗೆದುಕೊಂಡು, ಊರಿನ ಹೆಸರು ಮತ್ತು ಇಸವಿ ಬದಲಿಸಿ, ಉಳಿದದ್ದನ್ನು ಹಾಗೆಯೇ ಇಳಿಸಿಕೊಳ್ಳುವುದು ಅಲ್ಲಿ ನಡೆದುಬಂದ ರೂಢಿ. ಆ ಹಿಂದಿನವರೂ ತಮ್ಮ ಹಿಂದಿನವರಿಂದ ಇಳಿಸಿಕೊಂಡಿದ್ದರು. ವಾಕ್ಯವನ್ನು ನಾನು ಓದಿ ಮುಂದೆ ಹೋದೆ. ಅವಳು ಓದಿಯೂ ಇರಲಿಲ್ಲವೆಂದು ಆಮೇಲೆ ಹೇಳಿದಳು.

ಗುತ್ತೂರಿನ ಮೊದಲ ದಿನ ಹೆಂಗಸರು ಒಂದು ಮನೆಯ ಕಟ್ಟೆಯ ಮೇಲೆ ಸೇರಿದ್ದರು. ನುಜತ್ ಎರಡು ಪುಟದ ಒಪ್ಪಿಗೆ ಪತ್ರ ತೆಗೆದು ಓದತೊಡಗಿದಳು. ಮೂರು ಸಾಲು ಆಗಿರಲಿಲ್ಲ, ಹಂಪವ್ವ ಎಂಬ ಐವತ್ತೆಂಟರ ಹೆಂಗಸು ತಡೆದರು.

"ಯಾರ ಪೈಕಿ ತಾಯಿ ನೀನು?"

"ಮೌಲಾ ಸಾಬರ ಮಗಳ್ರಿ ದೊಡ್ಡವ್ವ. ಬಳೆ ಮಾಬೂಬೀ ಮೊಮ್ಮಗಳು."

"ಅಯ್ಯ ಶಿವನೇ! ಮಾಬೂಬೀ ಮೊಮ್ಮಗಳಾ? ಅದನ್ನ ಮೊದ್ಲು ಹೇಳೋದ್ ಬಿಟ್ಟು ಏನೇನೋ ಓದಾಕ್ ಹತ್ತೀಯಲ್ಲ! ಓದೋದೇನೂ ಬ್ಯಾಡ. ತಗಾ."

ಹಾಗೆಂದು ಕೈ ಮುಂದೆ ಚಾಚಿದರು.

"ಏ ಹಂಪವ್ವ, ಮಸಿ ಹಚ್ಚಿಸ್ಕಂಡು ಹೊಲ ಬರೆಸ್ಕಂಡ್ ಹೋದಾಳು, ನೋಡ್ಕ!" ಎಂದು ಹಿಂದಿನಿಂದ ಒಬ್ಬಾಕೆ ಕೂಗಿದಳು.

"ನನ್ ಹೊಲ ಐತೇನ ಬರೆಸ್ಕಣಾಕೆ? ಇದ್ರೆ ಈ ಹುಡುಗಿಗೇ ಬರೀತಿದ್ದೆ ಬಿಡು."

ಎಲ್ಲರೂ ನಕ್ಕರು. ಹನ್ನೆರಡು ಗಂಟೆಯೊಳಗೆ ಮೂವತ್ತು ಹೆಬ್ಬೆಟ್ಟುಗಳೂ ಬಿದ್ದವು. ಅಷ್ಟು ಬೇಗ ಮುಗಿದದ್ದಕ್ಕೆ ಆ ದಿನ ಹೆಮ್ಮೆಪಟ್ಟಿದ್ದೆನೆಂದು ನುಜತ್ ನನಗೆ ಹೇಳಿದಳು. ಆ ಹೆಂಗಸರು ಚಾಚಿದ್ದು ಬಳೆಗಾರ್ತಿಗೆ ಚಾಚುವ ಕೈಯನ್ನು. ಅಜ್ಜಿ ನಲವತ್ತು ವರ್ಷ ಬಿಸಿಲಲ್ಲಿ ನಡೆದು ಗಳಿಸಿದ್ದನ್ನು ಮೊಮ್ಮಗಳು ಒಂದು ಬೆಳಗಿನಲ್ಲಿ ಖರ್ಚು ಮಾಡಿ, ಅದಕ್ಕೆ ಒಪ್ಪಿಗೆಯೆಂದು ಹೆಸರಿಟ್ಟಳು.

ಹಂಪವ್ವನವರ ಹಾಳೆಯ ಸಂಖ್ಯೆ ಹದಿನೇಳು. ಪಾದದ ಪರೀಕ್ಷೆ ಅವರ ಮನೆಯೊಳಗೆ ನಡೆಯಿತು. ಕಣ್ಣು ಮುಚ್ಚಿಸಿ, ಅಂಗಾಲಿನ ಹತ್ತು ಕಡೆ ತೆಳುವಾದ ನೈಲಾನ್ ಎಳೆಯೊಂದನ್ನು ಒತ್ತಿ, ತಾಗಿದ್ದು ಗೊತ್ತಾಯಿತೇ ಎಂದು ಕೇಳುವ ಪರೀಕ್ಷೆ ಅದು. ಬಲಗಾಲಿನ ನಾಲ್ಕು ಕಡೆ ಅವರಿಗೆ ಏನೂ ಗೊತ್ತಾಗಲಿಲ್ಲ. ನುಜತ್ ನಾಲ್ಕು ಎಂದು ಬರೆದುಕೊಂಡಳು. ಒಲೆಯ ಪಕ್ಕದಲ್ಲಿ ಒಂದು ಇಟ್ಟಿಗೆ, ಅದರ ಮೇಲೆ ಬಾಡಿದ ಎಕ್ಕದ ಎಲೆಗಳಿದ್ದವು. ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಸಿ, ಅಂಗಾಲನ್ನು ಒತ್ತಿ ಶಾಖ ತೆಗೆದುಕೊಳ್ಳುವುದು ನಮ್ಮ ಕಡೆ ಮನೆಮನೆಯ ಮದ್ದು. ಕಾಲಿಗೆ ಸ್ಪರ್ಶ ಇರುವವರಿಗೆ ಅದು ಹಿತ.

ಹಂಪವ್ವನವರೇ ಕೇಳಿದರು: "ಕಾಲು ಜೋಮು ಹಿಡೀತೈತೆ ತಾಯಿ. ಈ ಇಟ್ಟಿಗಿ ಶಾಖ ತಗಂತೀನಿ. ನಡೀತೈತೇನು?"

ಒಂಬತ್ತು ವರ್ಷದ ನರ್ಸಿಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಗುತ್ತೂರು ಕಲಿಸದಿರುವ ಊರು. ಹದಿನೇಳನೆಯವರಿಗೆ ಹೇಳಿದರೆ ಸಂಜೆಯೊಳಗೆ ಓಣಿಗೆಲ್ಲ ಹೇಳಿದಂತೆ. ಮೂವತ್ತೂ ಹಾಳೆ ಕೆಡುತ್ತವೆ.

"ಅರವತ್ತು ದಿನ ಆಗ್ಲಿ ದೊಡ್ಡವ್ವ, ಆಮೇಲೆ ಎಲ್ಲಾ ಹೇಳ್ತೀನಿ. ಈಗ ನಾನು ಹೇಳೋಹಂಗಿಲ್ಲ."

"ಹೇಳೋಹಂಗಿಲ್ಲಾ? ಯಾಕ, ಯಾರಾನ ಬಾಯಿ ಕಟ್ಯಾರೇನು?"

"ಕಾಲೇಜಿನ ರೂಲ್ಸ್ ರೀ."

"ಆತು ಬಿಡು. ರೂಲ್ಸ್ ಅಂದ್ರೆ ರೂಲ್ಸು" ಎಂದು ಹಂಪವ್ವ ಚಹಕ್ಕೆ ನೀರಿಟ್ಟರು. ನುಜತ್ ಚಹ ಕುಡಿದು ಹದಿನೆಂಟನೆಯ ಮನೆಗೆ ಹೋದಳು.

ಮುಂದಿನ ವಾರ ಕೊಕ್ಕನೂರಿನಲ್ಲಿ ಪಾಠ ನಡೆಯಿತು. ಪ್ರತಿಯೊಬ್ಬರಿಗೂ ಅಂಗೈಯಗಲದ ಕನ್ನಡಿ ಕೊಟ್ಟು ಅಂಗಾಲು ನೋಡಿಕೊಳ್ಳುವುದನ್ನು ಕಲಿಸಿದಳು. ನೀರಿನ ಬಿಸಿಯನ್ನು ಕಾಲಿಳಿಸಿ ನೋಡದೆ ಮೊಣಕೈಯಿಂದ ನೋಡಬೇಕೆಂದಳು. ಜೋಮು ಹಿಡಿದ ಕಾಲಿಗೆ ಇಟ್ಟಿಗೆಯ ಶಾಖ ಕೊಡಲೇಬಾರದೆಂದು ಎರಡು ಸಲ ಹೇಳಿದಳು. ಕನ್ನಡಿಯ ಆಸೆಗೆ ಬಂದು ಹಿಂದೆ ಕುಳಿತಿದ್ದವರಲ್ಲಿ ಮರುಳಸಿದ್ದಮ್ಮ ಎಂಬವಳಿದ್ದಳು. ಅವಳು ಹಂಪವ್ವನವರ ಮಗಳು, ಕೊಕ್ಕನೂರಿಗೆ ಕೊಟ್ಟದ್ದು. ಊರುಗಳ ನಡುವೆ ಹಾದಿಯ ದೂರ ನೋಡಿದ್ದ ನನಗೆ, ಹೆಣ್ಣು ಕೊಟ್ಟು ತಂದ ಸಂಬಂಧ ಹೊಳೆದಿರಲಿಲ್ಲ. ಮರುಳಸಿದ್ದಮ್ಮ ತವರಿಗೆ ಹೋಗಿ ತಾಯಿಗೆ ಹೇಳಿದ್ದು ಒಂದೂವರೆ ತಿಂಗಳ ಮೇಲೆ. ಅಷ್ಟರಲ್ಲಿ ಇಟ್ಟಿಗೆ ತನ್ನ ಕೆಲಸ ಮಾಡಿತ್ತು, ಅಂಗಾಲು ಸುಟ್ಟು ಗಾಯವಾಗಿತ್ತು. ನೋವು ಗೊತ್ತಾಗದ ಕಾಲು. ಅರಿಸಿನ, ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಹಂಪವ್ವ ಕಳೆ ತೆಗೆಯಲು ಹೋಗುತ್ತಿದ್ದರು.

ಅರವತ್ತನೆಯ ದಿನ ನುಜತ್ ಹದಿನೇಳನೆಯ ಮನೆಯ ಹೊಸ್ತಿಲು ದಾಟಿದಾಗಲೇ ವಾಸನೆ ಬಂತು. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಆ ವಾಸನೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಸೀರೆಯ ಬಟ್ಟೆ ಸುತ್ತಿದ ಕಾಲನ್ನು ಚಾಚಿ ಹಂಪವ್ವ ಗೋಡೆಗೆ ಒರಗಿದ್ದರು. ನುಜತ್ ಎದುರಿಗೆ ಕುಳಿತಳು. ಚೀಲ ತೆರೆದಳು. ಪ್ರಶ್ನೆಪತ್ರಿಕೆ ತೆಗೆದು ಒಂದನೆಯ ಪ್ರಶ್ನೆ ಕೇಳಿದಳು.

ಇಪ್ಪತ್ತನಾಲ್ಕನ್ನೂ ಕೇಳಿದಳು. ಕಾಲು ಬಿಚ್ಚಿದರೆ ಆಮೇಲೆ ಪ್ರಶ್ನೆ ಕೇಳಲಾಗುವುದಿಲ್ಲ, ಮೂವತ್ತು ಇಪ್ಪತ್ತೊಂಬತ್ತಾಗುತ್ತದೆ ಎಂಬ ಲೆಕ್ಕ ಮನಸ್ಸಿನಲ್ಲಿ ತಾನಾಗಿ ನಡೆದುಹೋಯಿತಂತೆ. ಎಂಟನೆಯ ಪ್ರಶ್ನೆ, ಜೋಮು ಹಿಡಿದ ಕಾಲಿಗೆ ಶಾಖ ಕೊಡಬಹುದೇ ಎಂಬುದು.

"ಕೊಡಬಾರ್ದು" ಎಂದರು ಹಂಪವ್ವ. "ಕೊಕ್ಕನೂರಾಗೆ ಹೇಳಿ ಬಂದೀಯಂತಲ್ಲ. ನನ್ನ ಮಗಳು ಹೇಳಿದ್ಲು."

ಆ ಉತ್ತರ ಸರಿಯಾಗಿತ್ತು. ನುಜತ್ ಅದರ ಮುಂದೆ ಗುರುತು ಹಾಕಿ ಒಂದು ಅಂಕ ಕೊಟ್ಟಳು.

ಪ್ರಶ್ನೆಗಳು ಮುಗಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಆಮೇಲೆ ಬಟ್ಟೆ ಬಿಚ್ಚಿದಳು, ಆಟೋ ತರಿಸಿದಳು, ದಾವಣಗೆರೆಗೆ ತಾನೇ ಕರೆದೊಯ್ದು ಮೂರು ದಿನ ಪಕ್ಕದಲ್ಲಿದ್ದಳು. ಎರಡು ಬೆರಳು ತೆಗೆದರು. ಇಪ್ಪತ್ತು ನಿಮಿಷದಿಂದ ಏನೂ ಕೆಡಲಿಲ್ಲವೆಂದು ವೈದ್ಯರು ಹೇಳಿದರು. ಅದು ನಿಜವೂ ಹೌದು. ಕೆಡಿಸಿದ್ದು ಅರವತ್ತು ದಿನ. ಆದರೆ ಆ ಅರವತ್ತು ದಿನವನ್ನು ಯೋಜನೆಯ ಮೇಲೆ ಹೊರಿಸಬಹುದಿತ್ತು, ಸಮಿತಿಯ ಮೇಲೆ, ನನ್ನ ಮೇಲೂ. ಇಪ್ಪತ್ತು ನಿಮಿಷ ಮಾತ್ರ ಸಂಪೂರ್ಣವಾಗಿ ಅವಳದು. ಅದನ್ನು ಅವಳು ಯಾರೊಡನೆಯೂ ಹಂಚಿಕೊಳ್ಳಲಾರದೆ ಹೋದಳು.

ಇದಾವುದೂ ಗೊತ್ತಿಲ್ಲದೆ ನಾನು ಅರವತ್ತು ಹಾಳೆಗಳ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದೆ. "ಇಷ್ಟು ಚೊಕ್ಕವಾದ ಫಲಿತಾಂಶ ಅಪರೂಪ ನುಜತ್" ಎಂದೆ. ಅವಳು ಸೆರಗಿನ ಅಂಚು ಸುತ್ತುತ್ತ ಕುಳಿತಿದ್ದಳು. ಆಮೇಲೆ ಎಲ್ಲವನ್ನೂ ಹೇಳಿದಳು.

ಕೇಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ಹದಿನೇಳನೆಯ ಸಾಲನ್ನು ಅಳಿಸಿ ಮತ್ತೆ ಲೆಕ್ಕ ಹಾಕಿದ್ದು. ಫಲಿತಾಂಶ ಕದಲಲಿಲ್ಲ. "ನೋಡು, ತೆಗೆದರೂ ಏನೂ ವ್ಯತ್ಯಾಸ ಆಗೋದಿಲ್ಲ" ಎಂದೆ, ಸಮಾಧಾನ ಹೇಳುವವನಂತೆ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಅದನ್ನು ಈಗಲೂ ಮರೆಯಲಾಗಿಲ್ಲ.

"ಸರ್, ತೆಗೀಬೇಕಾದ್ರೂ ಅವರನ್ನೇ ಕೇಳ್ಬೇಕಲ್ವಾ?" ಎಂದಳು ನುಜತ್.

ಅವಳ ಮಾರ್ಗದರ್ಶಕಿ ಲಕ್ಷ್ಮೀದೇವಿ ಮೇಡಂ ಕೆಟ್ಟವರಲ್ಲ. ವಿದ್ಯಾರ್ಥಿಯ ಒಂದು ವರ್ಷ ಹಾಳಾಗಬಾರದೆಂಬ ಕಾಳಜಿ ಅವರದು. "ಸಮಿತಿಗೆ ಬರೆದ್ರೆ ಈ ಸಲದ ಪರೀಕ್ಷೆ ಹೋಗುತ್ತೆ ನೋಡು. ನಿನ್ನಿಂದ ಆದದ್ದಲ್ಲವಲ್ಲ? ಕಂಟ್ರೋಲ್ ಗ್ರೂಪಿಗೆ ನಾವು ಏನೂ ಮಾಡಿಲ್ಲ" ಎಂದರಂತೆ.

"ಹೌದು ಮೇಡಂ. ಏನೂ ಮಾಡಿಲ್ಲ" ಎಂದು ನುಜತ್ ಪತ್ರವನ್ನು ಅವರ ಮೇಜಿನ ಮೇಲಿಟ್ಟಳು. ಇಟ್ಟಿಗೆಯ ಪ್ರಶ್ನೆ, ಇಪ್ಪತ್ತು ನಿಮಿಷ, ಇಳಿಸಿಕೊಂಡ ವಾಕ್ಯ, ಮೂರನ್ನೂ ಬರೆದಿದ್ದಳು. ಪ್ರಬಂಧವನ್ನು ತಡೆಹಿಡಿದರು. ಪರೀಕ್ಷೆ ಹೋಯಿತು. ಉಳಿದ ಇಪ್ಪತ್ತೊಂಬತ್ತು ಮನೆಗಳಿಗೆ ಅವಳು ಅದೇ ವಾರ ಹೋಗಿ ಕಲಿಸಿಬಂದಳು. ಹದಿನೇಳನೆಯ ಮನೆಗೆ ಹೋಗುವ ಧೈರ್ಯ ಬರಲು ಇನ್ನೂ ಎರಡು ವಾರ ಬೇಕಾಯಿತು.

ಹಂಪವ್ವ ಕಟ್ಟೆಯ ಮೇಲೆ ಕುಳಿತಿದ್ದರು. ನುಜತ್ ಕೆಳಗೆ ಕುಳಿತು, ಎರಡು ಪುಟದ ಒಪ್ಪಿಗೆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಬೇಡವೆನ್ನುವ ಹಕ್ಕು ನಿಮಗಿದೆ ಎಂಬ ಸಾಲೂ ಅದರಲ್ಲಿತ್ತು. ಆಮೇಲೆ, ಅವತ್ತು ಇಟ್ಟಿಗೆಯ ವಿಷಯ ತನಗೆ ಗೊತ್ತಿದ್ದೂ ಹೇಳಲಿಲ್ಲವೆಂದಳು. ವಾಸನೆ ಬಂದದ್ದೂ ಗೊತ್ತಾಗಿತ್ತು, ಆದರೂ ಪ್ರಶ್ನೆ ಕೇಳುತ್ತ ಕುಳಿತೆ ಎಂದಳು.

"ಅದು ನಂಗೂ ಗೊತ್ತಾಗಿತ್ತು" ಎಂದರು ಹಂಪವ್ವ. "ನಿನ್ನ ಮೂಗು ಹಿಂಗಾಗಿದ್ದು ನಾನು ನೋಡಿದ್ನಲ್ಲ. ಬರೆದು ಮುಗಿಸ್ಲಿ ಪಾಪ, ಓದೋ ಹುಡುಗಿ ಅಂತ ಸುಮ್ನಿದ್ದೆ."

ನುಜತ್ ಒಪ್ಪಿಗೆ ಪತ್ರವನ್ನು ಚೀಲಕ್ಕೆ ಹಾಕಿದಳು.

"ನಿಮ್ಮಜ್ಜಿ ತೊಡಿಸೋವಾಗ ಬಳಿ ಒಡೆದ್ರೆ ಮೊದ್ಲು ನನ್ನ ಕೈ ನೋಡ್ತಿದ್ಲು, ರಕ್ತ ಬಂತೇನು ಅಂತ. ಆಮ್ಯಾಲೆ ಚೂರು ಆರಿಸ್ತಿದ್ಲು. ನೀನು ಚೂರು ಆರಿಸಿದಿ."

"ಹೂಂ ದೊಡ್ಡವ್ವ."

"ಅಳಬ್ಯಾಡ. ಅತ್ರೆ ಬೆರಳು ಬರ್ತಾವೇನು?"

ನುಜತ್ ಹದಿನೇಳನೆಯ ಹಾಳೆಯನ್ನು ಮುಂದೆ ಹಿಡಿದು, ಇದನ್ನು ಪ್ರಬಂಧದ ಪುಸ್ತಕದಲ್ಲಿ ಉಳಿಸಲೋ ತೆಗೆಯಲೋ ಎಂದು ಕೇಳಿದಳು. ಮಸಿಯ ಡಬ್ಬಿಯೂ ಅವಳ ಚೀಲದಲ್ಲಿತ್ತು. ಹಂಪವ್ವ ಈ ಸಲ ಕೈ ಚಾಚಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡರು.

"ತೆಗಿ. ನನ್ನ ಕಾಲು ನಿನ್ನ ಪುಸ್ತಕದಾಗೆ ಬ್ಯಾಡ."

ನುಜತ್ ಹಾಳೆಯನ್ನು ಮಡಿಸಿ ಅವರ ಪಕ್ಕದಲ್ಲಿಟ್ಟು ಎದ್ದಳು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ದನಿ ಬಂತು.

"ಎಲ್ಲಿಗೆ ಹೊಂಟಿ? ಇನ್ನೊಂದು ಕಾಲು ಐತಲ್ಲ. ಕೊಕ್ಕನೂರಾಗೆ ಕನ್ನಡಿ ಕೊಟ್ಟು ಅದೇನೋ ಹೇಳಿದಿಯಂತೆ, ಅದನ್ನ ನಂಗೂ ಹೇಳು. ಬರೀಬ್ಯಾಡ. ಬರೇ ಹೇಳು."

ಅವಳು ಚೀಲವನ್ನು ಮೆಟ್ಟಿಲ ಮೇಲೆಯೇ ಬಿಟ್ಟು, ಕನ್ನಡಿಯನ್ನಷ್ಟೇ ತೆಗೆದುಕೊಂಡು ಹಿಂದಿರುಗಿದಳು.