ಸಮುದ್ರದ ನಡುವೆ ಮೈನ್ ಸ್ವಿಚ್

ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ವೇಣೂರಿನ ಒಂದು ಮನೆಯ ಸೊಸೆ, ಮತ್ತು ವಿಡಿಯೋ ಗೇಮ್ ಆಡುತ್ತೇನೆ. ಮೂರನೆಯದನ್ನು ಹೇಳಿದ ಕೂಡಲೇ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು, "ಮೊಬೈಲಿನಲ್ಲಿ ಮಿಠಾಯಿ ಒಡೆಯುವುದಾ ಟೀಚರ್?" ಎಂದು ಕೇಳಿಯೇ ಕೇಳುತ್ತಾರೆ. ಅಲ್ಲ ಮಾರಾಯ್ರೆ! ಟಿ.ವಿ.ಗೆ ಪೆಟ್ಟಿಗೆ ಸಿಕ್ಕಿಸಿ, ಕತ್ತಿ ಹಿಡಿದು, ತಲೆ ಮೂರಿರುವ ಪ್ರಾಣಿಗಳನ್ನು ಕಡಿಯುವುದು. ಇಷ್ಟು ಹೇಳಿದ ಮೇಲೆ ಅವರು ಮಾತು ಬದಲಿಸುತ್ತಾರೆ.

ನನ್ನ ತವರು ಬಿ.ಸಿ.ರೋಡು. ಅಣ್ಣ ಓದಲಿಕ್ಕೆಂದು ಕಂಪ್ಯೂಟರ್ ತೆಗೆಸಿಕೊಂಡ, ಓದುವುದನ್ನು ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಮಾಡಿದ. ಅವನು ಹೊರಗೆ ಹೋದಾಗ ನಾನು ಕೂರುತ್ತಿದ್ದೆ. ಅವನಿಗೆ ಆ ಹುಚ್ಚು ಬಿಟ್ಟಿತು, ನನಗೆ ಬಿಡಲಿಲ್ಲ. ನನ್ನನ್ನು ನೋಡಲು ಬಂದ ಹುಡುಗ ಹವ್ಯಾಸ ಏನೆಂದು ಕೇಳಿದಾಗ ಅಮ್ಮ ಒಳಗಿನಿಂದಲೇ "ಕಸೂತಿ" ಎಂದರು. ನಾನು ಸಣ್ಣ ಸ್ವರದಲ್ಲಿ ನಿಜ ಹೇಳಿದೆ. ಆ ಹುಡುಗನ ಮುಖ ಅರಳಿದ್ದನ್ನು ನೋಡಬೇಕಿತ್ತು. ಮುಂದಿನ ಅರ್ಧ ಗಂಟೆ ನಾವಿಬ್ಬರೂ ಒಂದು ಡ್ರ್ಯಾಗನ್ನಿನ ಬಗ್ಗೆ ಜಗಳ ಆಡಿದೆವು. ಹಿರಿಯರು ಜಾತಕ ಕೂಡಿಬಂತು ಎಂದರು.

ನನ್ನ ಗಂಡ ಗಲ್ಫಿನಲ್ಲಿ ಗೋದಾಮಿನ ಸೂಪರ್‌ವೈಸರ್. ವರ್ಷಕ್ಕೊಮ್ಮೆ ನಲವತ್ತು ದಿನದ ರಜೆ. ಅದರಲ್ಲಿ ಇಪ್ಪತ್ತು ದಿನ ಮದುವೆ, ಗೃಹಪ್ರವೇಶ, ಭೂತದ ಕೋಲ, ನೆಂಟರ ಮನೆ. ಮದುವೆಯಾದ ನಾಲ್ಕು ವರ್ಷದಲ್ಲಿ ನಾವಿಬ್ಬರೇ ಕೂತು ಮಾತಾಡಿದ್ದು ಕಡಿಮೆಯೇ. ಕಳೆದ ರಜೆಗೆ ಬರುವಾಗ ಅವರು ಎರಡು ಗೇಮ್ ಪೆಟ್ಟಿಗೆ ಕೊಂಡು, ಒಂದನ್ನು ಅಲ್ಲಿ ಇಟ್ಟು, ಇನ್ನೊಂದನ್ನು ಬಟ್ಟೆಗಳ ನಡುವೆ ಸುತ್ತಿ ಊರಿಗೆ ತಂದರು. ಅಂದಿನಿಂದ ಪ್ರತಿ ಶುಕ್ರವಾರ, ಅವರಿಗೆ ರಜೆಯ ದಿನ, ಅವರು ಅಲ್ಲಿಂದ, ನಾನು ಇಲ್ಲಿಂದ, ಇಂಟರ್ನೆಟ್ಟಿನಲ್ಲಿ ಒಂದು ಹೊಸ ಆಟದ ಒಂದೇ ದೋಣಿ ಹತ್ತುತ್ತೇವೆ. ಅವರು ಹಾಯಿ ಕಟ್ಟುವುದು, ನಾನು ಚುಕ್ಕಾಣಿ. ದ್ವೀಪದಿಂದ ದ್ವೀಪಕ್ಕೆ ಹೋಗಿ ಮರ, ಹಗ್ಗ, ಔಷಧಿಯ ಬೇರು ಕೂಡಿಸುವುದು. ನಡುವೆ ಮಾತು.

ಫೋನಿನಲ್ಲಿ ಮಾತಾಡಬಹುದಲ್ಲ ಎಂದರೆ, ನಮ್ಮ ಮನೆಯ ಫೋನ್ ನೀವು ನೋಡಿಲ್ಲ. ಅವರ ಕರೆ ಯಾರ ಫೋನಿಗೆ ಬಂದರೂ ಅತ್ತೆ ಸ್ಪೀಕರ್ ಹಾಕಿ ಮೇಜಿನ ಮೇಲೆ ಇಡುತ್ತಾರೆ. ಪಕ್ಕದ ಮನೆಯ ಅಕ್ಕ ಇದ್ದರೆ ಅವರೂ ಬಂದು ಕೂರುತ್ತಾರೆ. "ಊಟ ಆಯ್ತಾ? ಅಲ್ಲಿ ಸೆಕೆ ಉಂಟಾ? ಇಲ್ಲಿಯೂ ಸೆಕೆ." ಇಷ್ಟಾಗುವಷ್ಟರಲ್ಲಿ ಎಲ್ಲರಿಗೂ ತೃಪ್ತಿ. ನನ್ನ ಸರದಿ ಬಂದಾಗ ನಾನೂ ಸೆಕೆಯ ಬಗ್ಗೆಯೇ ಹೇಳುತ್ತೇನೆ. ಅಷ್ಟು ಜನರೆದುರು ಬೇರೆ ಎಂತ ಹೇಳುವುದು?

ಅತ್ತೆ ಆಟಕ್ಕೆ ಎಂದೂ ಅಡ್ಡಿ ಮಾಡಿದವರಲ್ಲ. ಅದನ್ನು ಅವರು 'ನಿಮ್ಮ ದೋಣಿ' ಎನ್ನುವುದು. ಬಟ್ಟೆ ಮಡಚುತ್ತಾ ಬಂದು, "ಎಲ್ಲಿಗೆ ಮುಟ್ಟಿತು ದೋಣಿ?" ಎಂದು ವಿಚಾರಿಸುತ್ತಾರೆ. ಈಗಿನ ಆಟಗಳಲ್ಲಿ ಸಮುದ್ರ ಎಂದರೆ ಸಮುದ್ರವೇ. ನೊರೆ, ಬಿಸಿಲು, ಮೋಡದ ನೆರಳು ಎಲ್ಲ ಸಾಕ್ಷಾತ್. ಆಟದ ಪಾತ್ರಗಳ ಹತ್ತಿರ ಮಾತಾಡುವುದಕ್ಕೂ ಕಷ್ಟವಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಪರದೆಯ ಮೇಲೆ ನಾಲ್ಕು ಉತ್ತರ ಬರುತ್ತದೆ, ಒಂದನ್ನು ಒತ್ತಿದರೆ ಆಯಿತು. ನಾನು ಯಾವಾಗಲೂ ಅತ್ಯಂತ ವಿನಯದ ಉತ್ತರವನ್ನೇ ಒತ್ತುವವಳು. ಕಡಲ್ಗಳ್ಳನಿಗೂ 'ನಿಮ್ಮ ಚಿತ್ತ' ಎಂದು ಹೇಳಿ ಅರ್ಧ ಸಾಮಾನು ಕಳೆದುಕೊಂಡಿದ್ದೇನೆ. ಅವರು ಅಲ್ಲಿಂದ, "ನಿನಗೆ ಸಿಟ್ಟೇ ಬರುವುದಿಲ್ಲವಾ ಮಾರಾಯ್ತಿ?" ಎಂದು ಬೊಬ್ಬೆ ಹೊಡೆದಿದ್ದರು.

ಹೋದ ಬೇಸಿಗೆಯ ಶುರುವಿನಲ್ಲಿ ಅವರ ಕಂಪನಿ ಒಂದು ಕಾಗದ ಕೊಟ್ಟಿತು. ಇನ್ನೂ ಎರಡು ವರ್ಷಕ್ಕೆ ಸಹಿ ಹಾಕಬೇಕು, ಇಲ್ಲವಾದರೆ ಜೂನಿನಲ್ಲಿ ಊರಿಗೆ. ಊರಿಗೆ ಬಂದರೆ ಬೆಳ್ತಂಗಡಿಯಲ್ಲಿ ಅವರ ಸ್ನೇಹಿತರ ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲು ಸಿಗುವುದಿತ್ತು. ದೋಣಿಯಲ್ಲಿ ಕೂತು ಅವರು ನನ್ನನ್ನು ಕೇಳಿದರು, "ಎಂತ ಮಾಡುವ?" ನಾನು, "ನಿಮ್ಮ ಇಷ್ಟ" ಎಂದೆ. ಮುಂದಿನ ಶುಕ್ರವಾರ ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ. ನನಗೆ ಅವರು ಬರಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಸಂಜೆ ಬಸ್ಸಿಳಿದು ನಡೆದು ಬರುವಾಗ ಗೇಟಿನ ಹತ್ತಿರ ಅವರ ಚಪ್ಪಲಿ ಇರುತ್ತದೋ ಎಂದು ಸುಮ್ಮನೆ ನೋಡುತ್ತಿದ್ದೆ. ಆದರೆ ಕೆಲಸ ಬಿಟ್ಟು ಬಾ ಎಂದು ಹೆಂಡತಿ ಹೇಳುವುದು ಹೇಗೆ? ನಾಳೆ ಅಂಗಡಿ ನಡೆಯದಿದ್ದರೆ? ಅವರೇ ಬರುತ್ತೇನೆ ಎನ್ನಲಿ ಎಂದು ಕಾದೆ. ವಿನಯ ಎನ್ನಿ, ಪೊಕ್ಕಡೆ ಜಂಬ, ಒಣ ಜಂಬ ಎನ್ನಿ.

ಉತ್ತರ ಕೊಡಲು ಶನಿವಾರ ಕಡೆಯ ದಿನ ಎಂದಾದಾಗ ಶುಕ್ರವಾರ ಹೇಳಿಯೇಬಿಡುವುದೆಂದು ನಿಶ್ಚಯಿಸಿದೆ. ಶಾಲೆಗೆ ರಜೆ. ಮಧ್ಯಾಹ್ನದ ಉರಿಬಿಸಿಲು. ಅಂಗಳದ ಚಾಪೆಯಲ್ಲಿ ಅತ್ತೆಯ ಹಲಸಿನ ಹಪ್ಪಳ ಒಣಗುತ್ತಿತ್ತು. ಆಚೆ ಎರಡು ಮನೆಗಳ ಅಂಗಳದಲ್ಲಿಯೂ ಹಪ್ಪಳ. ನನ್ನ ಹೆಡ್‌ಫೋನ್ ಹಾಳಾಗಿದ್ದರಿಂದ ಶಬ್ದವನ್ನು ಹೋಮ್ ಥಿಯೇಟರಿಗೆ ಕೊಟ್ಟಿದ್ದೆ. ಮೈಕ್ ಕೈಯಲ್ಲಿ ಹಿಡಿಯುವ ಕಂಟ್ರೋಲರಿನಲ್ಲಿಯೇ ಉಂಟು.

ಇಲ್ಲಿ ನಮ್ಮ ಕಡೆಯ ಒಂದು ಕ್ರಮವನ್ನು ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಗುಡುಗು ಕೇಳಿದರೆ ಯಾರು ಹತ್ತಿರ ಇದ್ದಾರೋ ಅವರು ಓಡಿಹೋಗಿ ಎಲ್ಲ ಪ್ಲಗ್ ಕೀಳುವುದು. ಟಿ.ವಿ., ಫ್ರಿಜ್ಜು, ವೈಫೈ ಯಾವುದನ್ನೂ ಬಿಡುವುದಿಲ್ಲ. ಕೇಳುವುದು ಮಾಡುವುದು ಇಲ್ಲ. ನಮ್ಮ ಮನೆಯಲ್ಲಿ ಒಮ್ಮೆ ಒಂದೇ ಸಿಡಿಲಿಗೆ ಟಿ.ವಿ.ಯೂ ಪಂಪಿನ ಸ್ಟಾರ್ಟರೂ ಸುಟ್ಟುಹೋದ ಮೇಲೆ ಅತ್ತೆ ಪ್ಲಗ್ಗನ್ನು ನಂಬುವುದಿಲ್ಲ. ನೇರ ಮೈನ್ ಸ್ವಿಚ್, ಅದರ ಬೆನ್ನಿಗೆ ಇನ್ವರ್ಟರ್, ಎರಡೂ ಆಫ್.

ದೋಣಿ ದೊಡ್ಡ ಸಮುದ್ರಕ್ಕೆ ಬಂತು. ಪರದೆಯಲ್ಲಿ ಆಕಾಶ ಕಪ್ಪಾಯಿತು. ಅವರು, "ಗಾಳಿ ಜೋರುಂಟು, ಗಟ್ಟಿ ಹಿಡ್ಕೊ" ಎಂದರು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದುಕೊಂಡು ಕಣ್ಣು ಮುಚ್ಚಿದೆ. "ಓಯ್, ಕೇಳಿ. ಸಹಿ ಹಾಕಬೇಡಿ. ಬನ್ನಿ. ನೀವಿಲ್ಲದೆ ನನಗೆ ಬೊಡಿದುಹೋಗಿದೆ, ಸಾಕಾಗಿದೆ..." ಗುಡುಗಿತು. ಎಂಥ ಗುಡುಗು! ಷೋಕೇಸಿನ ಗಾಜು ಅದುರಿತು. ಕಣ್ಣು ತೆರೆದರೆ ಟಿ.ವಿ. ಕಪ್ಪು, ಫ್ಯಾನು ನಿಧಾನವಾಗಿ ನಿಲ್ಲುತ್ತಿತ್ತು.

ಅತ್ತೆ ಮೈನ್ ಸ್ವಿಚ್ಚಿನ ಕೆಳಗೆ ಏದುಸಿರು ಬಿಡುತ್ತಾ ನಿಂತಿದ್ದರು. "ಆ ನಮೂನೆ ಗುಡುಗ್ತಾ ಉಂಟು, ನೀನು ಟಿ.ವಿ. ಹಾಕಿ ಕೂತಿದ್ದೀಯಲ್ಲ!" ಎಂದವರೇ ಅಂಗಳಕ್ಕೆ ಧಾವಿಸಿದರು. "ಮಳೆ ಬಂತು, ಹಪ್ಪಳ ತೆಗೀರಿ!" ಎಂದು ಅವರು ಕೂಗಿದ ರಭಸಕ್ಕೆ ಮೂರು ಮನೆಯ ಚಾಪೆಗಳು ಎರಡು ನಿಮಿಷದಲ್ಲಿ ಒಳಗೆ. ಆಮೇಲೆ ಪಕ್ಕದ ಮನೆಯ ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. "ಮೋಡ ಎಲ್ಲಿ ಉಂಟು ಮಾರಾಯ್ರೆ?" ಆಕಾಶದಲ್ಲಿ ಒಂದು ಹತ್ತಿಯ ಎಳೆಯೂ ಇರಲಿಲ್ಲ. ಗುಡುಗು ದೋಣಿಯದ್ದೆಂದು ಗೊತ್ತಾದಾಗ ಆ ಅಕ್ಕ ನಕ್ಕು ನಕ್ಕು ಮೆಟ್ಟಿಲಲ್ಲಿಯೇ ಕೂತುಬಿಟ್ಟರು. ಅತ್ತೆಯೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನನ್ನ ಮಾತು ಎಲ್ಲಿಯವರೆಗೆ ತಲುಪಿತು?

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅವರೇ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

"ಎಂತ ಆಯ್ತು? ಓಯ್ ಕೇಳಿ ಅಂದದ್ದು ಕೇಳಿಸಿತು. ಮತ್ತೆ ಗಾಳಿ, ಗುಡುಗಿನ ಶಬ್ದ ಮಾತ್ರ. ಆಮೇಲೆ ಕಟ್."

"ಬನ್ನಿ ಅಂತ ಹೇಳಿದೆ," ಎಂದೆ. "ಸಹಿ ಹಾಕಬೇಡಿ ಅಂತ ಹೇಳಿದೆ."

"ಮೊನ್ನೆಯೇ ಹಾಕಿ ಕೊಟ್ಟೆ," ಎಂದರು.

"ನನಗೆ ಹೇಳದೆ?"

"ಎಷ್ಟು ಸಲ ಕೇಳಿದೆ ನಿನ್ನ ಹತ್ರ? ಒಂದು ಸಲವಾದರೂ ಬನ್ನಿ ಅಂದ್ಯಾ? ನಾನು ಬರುವುದು ನಿನಗೆ ಬೇಡ ಅಂತ ಗ್ರಹಿಸಿದೆ."

ನನಗೆ ಸಿಟ್ಟು ಬಂತು. ಕಡಲ್ಗಳ್ಳನ ಮೇಲೆ ಬಾರದ ಸಿಟ್ಟೆಲ್ಲ ಬಂತು. ಅವರ ಮೇಲೆ, ನನ್ನ ಮೇಲೆ, ಆ ಹಾಳು ವಿನಯದ ಮೇಲೆ. ಅಷ್ಟು ಹೊತ್ತಿಗೆ ಅಳು ತಡೆಯಲಿಕ್ಕಾಗದೆ ಫೋನನ್ನು ಹಾಸಿಗೆಯ ಮೇಲೆ ಹಾಕಿ ಮುಖ ಮುಚ್ಚಿಕೊಂಡೆ.

ಬಾಗಿಲು ದೂಡಿ ಅತ್ತೆ ಬಂದರು. ಅವರಿಗೆ ಆ ಕಾಗದದ ಸಂಗತಿ ಗೊತ್ತಿತ್ತು. ಏನಾಯಿತೆಂದು ಹೇಳಿದೆ. ಅವರು ಬೈಯಲಿಲ್ಲ. ನನ್ನ ಪಕ್ಕ ಕೂತು ಕೈಗೆ ಮೆತ್ತಿದ್ದ ಹಪ್ಪಳದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡರು. ಮಾವ ಬೊಂಬಾಯಿಯ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ ಇದ್ದವರು, ನಾನು ಈ ಮನೆಗೆ ಬರುವ ಮೊದಲೇ ತೀರಿಹೋದರು.

"ನಾನೂ ಒಂದು ಸಲವೂ ಬನ್ನಿ ಅಂತ ಬರೀಲಿಲ್ಲ," ಎಂದರು ಅತ್ತೆ. "ಎಲ್ಲ ಕ್ಷೇಮ ಅಂತಲೇ ಬರೆಯುವುದು. ಅವರಿಗೂ ನಾನು ಆರಾಮಲ್ಲಿದ್ದೇನೆ ಅಂತಲೇ ಕಂಡಿತೋ ಏನೋ."

ಆಮೇಲೆ ಹಾಸಿಗೆಯಿಂದ ಇನ್ನೂ ಕಟ್ ಆಗದಿದ್ದ ಫೋನ್ ಎತ್ತಿ, ಅಭ್ಯಾಸದಂತೆ ಸ್ಪೀಕರ್ ಒತ್ತಿ, ನಮ್ಮಿಬ್ಬರ ನಡುವೆ ಇಟ್ಟರು. ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ನಿಂತಿದ್ದರು.

"ಹೇಳು," ಎಂದರು ಅತ್ತೆ. "ಈಗ ಹೇಳು."

ನಾನು ಮೂಗು ಒರೆಸಿಕೊಂಡೆ. "ಎರಡು ವರ್ಷ ಕಳೆದ ಮೇಲೆ ಕಂಪನಿಯವರು ಇನ್ನೊಂದು ಕಾಗದ ಕೊಡ್ತಾರೆ," ಎಂದೆ. "ಆಗ ನನ್ನ ಹತ್ರ ಕೇಳಬೇಡಿ. ಉತ್ತರ ಈಗಲೇ ಹೇಳ್ತೇನೆ. ಬೇಡ. ಬನ್ನಿ. ಅಂಗಡಿ ನಡೆಯದಿದ್ದರೆ ನಡೆಯುವುದು ಬೇಡ. ನನಗೆ ನೀವು ಬೇಕು."

ಆಚೆಯಿಂದ ಅವರು ಅಳುವುದು ಕೇಳಿಸಿತು. ಅತ್ತೆ ಸ್ಪೀಕರ್ ಆಫ್ ಮಾಡಲಿಲ್ಲ.